ಹುಳುವಿಲ್ಲದ ಕಾಂಡ

ಇಲ್ಲೂ ಗೆರೆ, ಹೆಬ್ಬೆರಳಿನಡಿ ತೊಗಟೆ ಉಬ್ಬಿ ಇಳಿದು ಮತ್ತೆ ಉಬ್ಬುತ್ತಿದೆ, ಹಾಳು ಬೋರರ್ ಹುಳು ಈ ಗಿಡಕ್ಕೂ ಹೊಕ್ಕಿದೆ — ಸೋಮಶೇಖರಪ್ಪ ಕುಕ್ಕರುಗಾಲಲ್ಲಿ ಕೂತು ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಇನ್ನೊಂದು ಸಲ ಸವರಿದರು, ಒಳಗೆ ಹುಳು ಕೊರೆದರೆ ಹೊರಗೆ ತೊಗಟೆ ಏಳುತ್ತದೆ, ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದೆ, ಕಳಸದಿಂದ ಕೊಟ್ಟಿಗೆಹಾರದವರೆಗೆ ಈ ಹೆಬ್ಬೆರಳಿಗೊಂದು ಹೆಸರಿತ್ತು, ನಮ್ಮ ತೋಟಕ್ಕೂ ಒಮ್ಮೆ ಬಂದು ಹೋಗಿ ಮಾರಾಯ್ರೆ ಎಂದು ಜೀಪು ಕಳಿಸುತ್ತಿದ್ದರು, ಇವರೂ ಹೋಗುತ್ತಿದ್ದರು, ಹೊಗಳಿಕೆ ಯಾರಿಗೆ ಬೇಡ. ಹುಳು ಹಿಡಿದ ಗಿಡಕ್ಕೆ ಕೆಂಪು ಚಿಂದಿ ಕಟ್ಟಿದರೆ ಮುಗಿಯಿತು, ಮೇಸ್ತ್ರಿ ಭೂತಯ್ಯನ ಆಳುಗಳು ಬುಡಸಮೇತ ಕಿತ್ತು ಸುಡುತ್ತಾರೆ, ಒಂದನ್ನು ಬಿಟ್ಟರೂ ಹುಳುವಿಗೆ ರೆಕ್ಕೆ ಬಂದು ತೋಟಕ್ಕೇ ಹಬ್ಬುತ್ತದೆ, ಬಿಡಬಾರದು — ಆದರೆ ಈ ಚಿಂದಿ, ಗಂಟೇ ಬೀಳುವುದಿಲ್ಲ, ಕೊಡಿ ಸಾವ್ಕಾರ್ರೆ ನಾನ್ ಕಟ್ತೀನಿ ಅಂದ ಭೂತಯ್ಯ, ಯಾಕೋ, ನಂಗೆ ಕೈ ಇಲ್ವ, ಎಂದು ಗದರಿದರು, ಗದರಿದ ಮೇಲೆ ನಾಚಿಕೆಯಾಯಿತು.

ಕೈ ಇದೆ, ಹೇಳಿದ ಮಾತು ಕೇಳುವುದಿಲ್ಲ, ಅಷ್ಟೇ. ಮೊದಲು ಹೋದದ್ದು ಮೂಗು — ಹೂವಿನ ಘಮ ಹೆಂಗಿದೆ ನೋಡ್ರಿ ಅಂದಿದ್ದಳು ಹೆಂಡತಿ ಸರೋಜಮ್ಮ, ಮಾರ್ಚ್ ಮಳೆಗೆ ತೋಟ ಬೆಳ್ಳಗೆ ಅರಳಿತ್ತು, ಇವರ ಮೂಗಿಗೆ ಏನೂ ಇಲ್ಲ, ಹೂಂ ಎಂದು ಸುಳ್ಳು ಹೇಳಿದರು, ಆಮೇಲೆ ಬಲಗೈ ನಡುಗಿತು, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಡಾಕ್ಟರು, ಪಾರ್ಕಿನ್ಸನ್ ಎಂಬ ಬಾಯಿಗೆ ಒಗ್ಗದ ಹೆಸರು. ಮೆದುಳಲ್ಲಿ ಕಾವಲು ಜೀವಕಣಗಳಿರ್ತವೆ ಯಜಮಾನ್ರೆ, ಕೆಟ್ಟ ಕಣಗಳನ್ನ ಗುಡಿಸೋದು ಅವುಗಳ ಕೆಲಸ, ಒಮ್ಮೆ ಕೆರಳಿದ್ರೆ ಒಳ್ಳೇದು ಕೆಟ್ಟದ್ದು ನೋಡುದಿಲ್ಲ, ಕೈಕಾಲು ಹಿಡಿತದಲ್ಲಿಡೋ ಕಣಗಳನ್ನೇ ಮುಗಿಸ್ತವೆ ಅಂತ ಈಗೊಂದು ಸಂಶಯ ಉಂಟು, ಇನ್ನೂ ಹುಡುಕ್ತಾ ಇದ್ದಾರೆ, ಅಂದರು ಡಾಕ್ಟರು. ಸಾಕು ನಿಲ್ಸಿ ಅಂತ ಅವಕ್ಕೆ ಹೇಳೋ ಮದ್ದು ಇಲ್ವಾ, ಇವರು ಕೇಳಿದರು. ಸದ್ಯಕ್ಕಿಲ್ಲ, ಗುಳಿಗೆಗೆ ನಡುಕ ತಗ್ಗಬಹುದು, ಸತ್ತ ಕಣ ಹುಟ್ಟಿ ಬರುದಿಲ್ಲ. ತೋಟಕ್ಕೆ ಹೊಡೆಯೋ ಹುಳುವಿನ ಔಷಧ ಬರಿಗೈಲಿ ಕಲಸ್ತಿದ್ರಾ, ಡಾಕ್ಟರು ಕೇಳಿದರು. ಕಲಸದೆ ಮತ್ತೆ. ಅದ್ರಿಂದ್ಲೇ ಬಂತು ಅಂತ ಹೇಳ್ಲಿಕ್ಕಾಗುದಿಲ್ಲ. ಹೊರಗಿನ ಶತ್ರುವಾಗಿದ್ದರೆ ಬಾಯಿ ತುಂಬ ಬೈಯಬಹುದಿತ್ತು, ತನ್ನನ್ನು ಕಾಯಲೆಂದೇ ತನ್ನೊಳಗೆ ಹುಟ್ಟಿದವು, ಅವನ್ನು ಏನೆಂದು ಬೈಯುವುದು, ಭಯವಾಗುತ್ತದೆ, ತಲೆಯೊಳಗೆ ಈಗಲೂ ಕೆಲಸ ನಡೆದೇ ಇದೆ, ಉಸಿರು ಬಿಗಿಹಿಡಿದರೂ ನಿಲ್ಲುವುದಿಲ್ಲ.

ಹುಳುವನ್ನಾದರೂ ನೋಡೋಣ, ಕಂಡರೆ ಒಂದಿಷ್ಟು ಸಮಾಧಾನ — ಕಾಲೆಳೆಯುತ್ತ ಕಿತ್ತ ಗಿಡಗಳ ರಾಶಿಗೆ ಹೋದರು, ಕತ್ತಿ ಕೊಡೋ ಭೂತಯ್ಯ, ಬೇಡಿ ಸಾವ್ಕಾರ್ರೆ, ಕೊಡೋ ಅಂದೆ. ಕಾಂಡ ಸೀಳಿತು. ಬಿಳಿ ಮರ, ನುಣ್ಣಗೆ, ಒಂದು ತೂತಿಲ್ಲ. ಇನ್ನೊಂದು ಸೀಳಿದರು, ಅದೂ ಬಿಳಿ, ಮತ್ತೊಂದು, ಹಾಲಿನಂಥ ಬಿಳಿ. ನೀನು ನೋಡಿದ್ಯೇನೋ? ಮೊನ್ನೆಯಿಂದ ನೋಡ್ತಾ ಇದೀನಿ. ಮತ್ಯಾಕೆ ಬಾಯಿ ಬಿಡ್ಲಿಲ್ಲ? ನಿಮ್ ಕೈ ಹೇಳಿದ್ ಮೇಲೆ ನಾನೇನ್ ಹೇಳ್ಲಿ ಸಾವ್ಕಾರ್ರೆ, ನೀವ್ ಚಿಂದಿ ಕಟ್ಟಿದ್ರಿ, ನಾವ್ ಕಿತ್ವಿ. ಮದುವೆಯಾದ ವರ್ಷ ಸರೋಜ ಸಸಿ ಕೊಡುತ್ತಿದ್ದಳು, ಇವರು ಗುಂಡಿಗಿಡುತ್ತಿದ್ದರು, ನೇರ ಇಡ್ರಿ ಎಂದು ನಗುತ್ತಿದ್ದಳು, ಅವೇ ಗಿಡಗಳು, ಮಕ್ಕಳಂತೆ ಸಾಕಿದವು, ಮೈ ಸವರಿ ಸವರಿ ಇವರೇ ಕೊಲ್ಲಿಸಿದ್ದಾರೆ, ಗೆರೆ ಇದ್ದದ್ದು ತೊಗಟೆಯಲ್ಲಲ್ಲ, ನಡುಗುವ ಈ ಬೆರಳಲ್ಲಿ, ಅಯ್ಯೋ.

ಪಕ್ಕದ ಗಿಡಕ್ಕೆ ಕೈ ಹೋಯಿತು, ಗೆರೆ, ಎಡಗೈ ಇಟ್ಟರು, ಅಲ್ಲೂ ಏನೋ ಉಬ್ಬಿದಂತೆ, ಇದು ಹುಳುವೋ ತಾನೋ, ಬಿಟ್ಟರೆ ಉಳಿದ ತೋಟ ಹೋಗುತ್ತದೆ, ಕಿತ್ತರೆ ಇದು ಹೋಗುತ್ತದೆ, ನೀನೇ ನೋಡಿ ಹೇಳೋ ಎನ್ನಬೇಕು, ಎಂದರೆ ಈ ಹೆಬ್ಬೆರಳಿನ ಹೆಸರು ಹೋಗುತ್ತದೆ, ಭೂತಯ್ಯ ಗುದ್ದಲಿ ಹಿಡಿದು ನಿಂತಿದ್ದಾನೆ, ಕೀಳ್ಲಾ ಸಾವ್ಕಾರ್ರೆ, ಇವರ ತಲೆ ಅಲ್ಲಾಡುತ್ತಿದೆ, ಹೂಂ ಎಂದೋ ಬೇಡವೆಂದೋ ಅವರಿಗೇ ತಿಳಿಯದು, ಸರಿ ಎಂದ ಭೂತಯ್ಯ, ಗುದ್ದಲಿ ಬಿತ್ತು, ಬೇರು ಹರಿಯಿತು, ಬೇಡ, ಸೀಳಬೇಡ, ಸೀಳಿದ — ಬಿಳಿ ಮರ, ನುಣ್ಣಗೆ, ಒಂದು ತೂತಿಲ್ಲ.