ಪಾಲಿಗೆ ಬರದ ಇ-ಮೇಲ್

ಆಸ್ತಿ ಪಾಲು ಮಾಡುವುದರಲ್ಲಿ ಕೂಡ್ಲಿಗಿಯ ಹುಣಸೆಹಣ್ಣಿನ ವ್ಯಾಪಾರಿ ಪಾಲಾಕ್ಷಪ್ಪನದು ಎತ್ತಿದ ಕೈ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆಂದರೆ ಸುತ್ತಲಿನವರು ಮೊದಲು ಬರುತ್ತಿದ್ದುದು ಅವನ ಮನೆಗೇ. ಅಂಥವನು ಸ್ವಂತ ಅಕ್ಕ ನಾಗಲಿಂಗಮ್ಮನ ಇಬ್ಬರು ಮಕ್ಕಳಿಗೆ ಪಾಲು ಮಾಡುವಾಗ ಒಂದು ಆಸ್ತಿಯನ್ನೇ ಮರೆತಿದ್ದಾನೆ ಎಂದು ಗೊತ್ತಾದಾಗ ಅವನಿಗೆ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು.

ಆ ಅಣ್ಣತಮ್ಮಂದಿರದು ತೂಕದ ಯಂತ್ರಗಳ ರಿಪೇರಿ ದಂಧೆ. ಹತ್ತಿ ಮಿಲ್ಲು, ಎಣ್ಣೆ ಮಿಲ್ಲುಗಳಲ್ಲಿ ಲಾರಿ ತೂಗುವ ದೊಡ್ಡ ಕಾಟಾಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ಸರಿಮಾಡಿ, ಸರ್ಕಾರದ ಮುದ್ರೆಗೆ ತಯಾರು ಮಾಡಿಕೊಡುವ ಕೆಲಸ. ಹೋದ ವರ್ಷ ಪಾಲಾಕ್ಷಪ್ಪ ಅದನ್ನು ಊರುಗಳ ಮೇಲೆ ಹಂಚಿದ್ದ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಅಣ್ಣ ಅಮರೇಶನಿಗೆ. ಹರಪನಹಳ್ಳಿ, ಹಡಗಲಿ ತಮ್ಮ ಸೋಮಶೇಖರನಿಗೆ. ಜೀಪು ತಮ್ಮನಿಗೆ, ಕೊಟ್ಟೂರಿನ ಆಫೀಸು ಕಂಪ್ಯೂಟರ್ ಸಮೇತ ಅಣ್ಣನಿಗೆ. ನಟ್ಟು ಬಿಚ್ಚುವ ಪಾನಾಗಳನ್ನೂ ಬಿಡದೆ ಹಂಚಿದ್ದ. ಇಷ್ಟು ನೆಟ್ಟಗೆ ಪಾಲು ಮಾಡಿದರೂ ಇಬ್ಬರೂ ಮಾತು ಬಿಟ್ಟಿದ್ದರು. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಈಗ ಸೋಮಶೇಖರ ಹರಪನಹಳ್ಳಿಯಿಂದ ಬಂದು ಕೂತಿದ್ದ. ಅವನೂ ಒಂದು ಕಂಪ್ಯೂಟರ್ ತಂದಿದ್ದ, ಇಂಟರ್‌ನೆಟ್ ಹಾಕಿಸಿದ್ದ. ಅದರಲ್ಲಿ ಹೊಸದೊಂದು ಸಾಫ್ಟ್‌ವೇರ್ ಇದೆಯಂತೆ. ಯಾವ ಮಿಲ್ಲಿನ ಕಾಟಾಕ್ಕೆ ಯಾವಾಗ ಸರ್ವಿಸ್ ಎಂಬುದನ್ನು ಒಮ್ಮೆ ತುಂಬಿಟ್ಟರೆ ಸಾಕು, ದಿನ ಹತ್ತಿರ ಬಂದಾಗ ಅದು ತಾನಾಗಿಯೇ ಮಿಲ್ಲಿಗೆ ಇ-ಮೇಲ್‌ನಲ್ಲಿ ನೋಟಿಸು ಕಳಿಸುತ್ತದಂತೆ. ಆದರೆ ಕಳಿಸಲು ದಂಧೆಯ ಇ-ಮೇಲ್ ವಿಳಾಸ ಬೇಕು, ಅದರ ಪಾಸ್‌ವರ್ಡ್ ಬೇಕು. ಪಾಸ್‌ವರ್ಡನ್ನು ಅಮರೇಶ ಬದಲಿಸಿಬಿಟ್ಟಿದ್ದ. ಹೊಸ ವಿಳಾಸ ಮಾಡಿಕೊಳ್ಳಬಾರದೇ ಎಂದು ಪಾಲಾಕ್ಷಪ್ಪ ಕೇಳಿದ. ಮಿಲ್ಲಿನವರಿಗೆಲ್ಲ ಗೊತ್ತಿರುವುದು ಹಳೆಯದೇ, ಹೊಸ ಹೆಸರಿನಿಂದ ಹೋದರೆ ಓದದೆ ಕಸಕ್ಕೆ ಹಾಕುತ್ತಾರೆ ಎಂದ ಸೋಮಶೇಖರ. ಹತ್ತಿ ಸುಗ್ಗಿ ಎದುರಿಗಿತ್ತು. ಈ ವಾರ ನೋಟಿಸು ಹೋಗದಿದ್ದರೆ ಮಿಲ್ಲುಗಳು ದಾವಣಗೆರೆಯ ರಿಪೇರಿಯವರ ಪಾಲಾಗುತ್ತಿದ್ದವು.

“ನೀವು ಹೇಳಿದ್ರ ಸರಿ ಮಾವ,” ಎಂದ. “ಇಲ್ಲಾಂದ್ರ ನಾನು ವಕೀಲರನ್ನ ನೋಡ್ತೀನ್ರಿ.”

ವಕೀಲ ಎಂಬ ಮಾತು ಕೇಳಿ ಪಾಲಾಕ್ಷಪ್ಪ ಹೆದರಿದ. ಕೋರ್ಟಿನ ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರು ಒಬ್ಬರ ಸಾವಿಗೆ ಒಬ್ಬರು ಬಾರದ್ದನ್ನು ಅವನು ಕಂಡಿದ್ದ. ಮರುದಿನವೇ ಕೊಟ್ಟೂರಿನ ಬಸ್ಸು ಹತ್ತಿದ.

ಅಮರೇಶ ಚಹಾ ತರಿಸಿದ. ಪಾಲಾಕ್ಷಪ್ಪ ಚಹಾ ಮುಟ್ಟದೆ ಕಂಪ್ಯೂಟರಿನ ಹಿಂದೆ ಮುಂದೆ ಬಗ್ಗಿ ನೋಡಿದ. ಆ ಮೇಲ್ ಎಂಬುದು ಇದರೊಳಗೆ ಎಲ್ಲಿ ಕೂತಿದೆ, ಕರೆಂಟು ಹೋದಾಗ ಬಂದ ಕಾಗದ ಎಲ್ಲಿ ಕಾಯುತ್ತದೆ ಎಂದು ಕೇಳಿದ. ಅಮರೇಶನಿಗೆ ನಗು ಬಂತು. ಕಾಗದ ಈ ಡಬ್ಬಿಯಲ್ಲಿ ಇರುವುದಿಲ್ಲ, ಯಾವುದೋ ದೇಶದ ಯಾವುದೋ ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತದೆ, ಪಾಸ್‌ವರ್ಡ್ ಇದ್ದವರು ಎಲ್ಲಿ ಕೂತು ಬೇಕಾದರೂ ನೋಡಬಹುದು ಎಂದು ಬಿಡಿಸಿ ಹೇಳಿದ.

“ನಾನು ನಿನಗ ಕೊಟ್ಟಿದ್ದು ಈ ಡಬ್ಬಿ,” ಎಂದ ಪಾಲಾಕ್ಷಪ್ಪ. “ಡಬ್ಬಿಯೊಳಗ ಅದು ಇಲ್ಲೇ ಇಲ್ಲ ಅಂತಿ. ಮತ್ತ ಅದು ನಿಂದು ಹೆಂಗಾತಲೇ?”

ಅಮರೇಶನ ನಗು ನಿಂತಿತು. ಹಲವಾಗಲು ಊರಿನ ನಿಮ್ಮ ಹೊಲವನ್ನು ಎರಡು ಮಾಡಿದರೂ ಬಾವಿಯನ್ನು ಎರಡು ಮಾಡಲಿಲ್ಲ, ಇಬ್ಬರೂ ನೀರು ಎತ್ತುತ್ತಿದ್ದೀರಿ, ಇದೂ ಹಾಗೆಯೇ ಎಂದು ಪಾಲಾಕ್ಷಪ್ಪ ತೀರ್ಪು ಕೊಟ್ಟ. ಅಮರೇಶ ಬಹಳ ಹೊತ್ತು ಗೊಣಗಿದ. ಕಡೆಗೆ ಒಂದು ಕರಾರು ಹಾಕಿದ: ಹೋಗುವ ಪ್ರತಿ ನೋಟಿಸಿನ ಒಂದು ನಕಲು ಈ ಮೇಲ್‌ಗೂ ಬರಬೇಕು, ತನ್ನ ಊರುಗಳಿಗೆ ಸೋಮಶೇಖರ ಕೈ ಹಾಕುತ್ತಿಲ್ಲವೆಂದು ಅದರಿಂದ ತನಗೆ ಗೊತ್ತಾಗಬೇಕು. ಹೊಸ ಪಾಸ್‌ವರ್ಡ್ ಇಟ್ಟ. ಮಾವ ಮರೆಯಬಾರದೆಂದು ಇಂಗ್ಲಿಷ್ ಅಕ್ಷರದಲ್ಲಿ ಹುಣಸೆ ಎಂದು ಬರೆದು, ಮುಂದೆ ಎರಡು ಅಂಕಿ ಸೇರಿಸಿದ.

ಪಾಲಾಕ್ಷಪ್ಪ ಆ ಅಂಕಿಗಳನ್ನು ಬಾಯಲ್ಲೇ ಜಪಿಸುತ್ತ ಹರಪನಹಳ್ಳಿ ಮುಟ್ಟಿದ. ಪಕ್ಕದ ಸೀಟಿನವನು ಯಾವ ಮಂತ್ರ ಎಂದು ಕೇಳಿದ್ದಕ್ಕೂ ಬಾಯಿ ಬಿಡಲಿಲ್ಲ. ಸೋಮಶೇಖರ ಪಾಸ್‌ವರ್ಡ್ ಹಾಕಿದ, ಒಂದೆರಡು ಸಲ ತಪ್ಪಾಯಿತು, ಆಮೇಲೆ ಮೇಲ್ ಸಾಫ್ಟ್‌ವೇರಿಗೆ ಕೂಡಿಕೊಂಡಿತು. ನಾಳೆ ಹತ್ತಕ್ಕೆ ತಾವಾಗಿಯೇ ನೋಟಿಸುಗಳು ಹೋಗುತ್ತವೆ ಎಂದ.

ಯಾರೂ ಮುಟ್ಟದೆ ಕಾಗದ ಹೋಗುವುದೆಂದರೇನು? ಹೋಗುವುದು ಕಾಣದಿದ್ದರೂ ಬರುವುದನ್ನಾದರೂ ನೋಡಬೇಕೆಂದು ಪಾಲಾಕ್ಷಪ್ಪ ಮರುದಿನ ಮತ್ತೆ ಕೊಟ್ಟೂರಿಗೆ ಹೋದ. ಹೆಂಡತಿ ಬೊಮ್ಮಮ್ಮ, ಹುಣಸೆಹಣ್ಣು ಮಾರುವವರು ಯಾರು ಎಂದು ಕೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಹತ್ತು ದಾಟಿತು. ಪರದೆಯ ಮೇಲೆ ಒಂದು ಸಾಲು ಬಂತು, ಅದರ ಮೇಲೆ ಇನ್ನೊಂದು. ಸೋಮು ಈಗ ಅಲ್ಲಿ ಕೂತಿದ್ದಾನೆಯೇ ಎಂದು ಕೇಳಿದ. ಸ್ನಾನ ಮಾಡುತ್ತಿದ್ದರೂ ಇದು ಹೋಗುತ್ತದೆ ಎಂದ ಅಮರೇಶ. ಪಾಲಾಕ್ಷಪ್ಪ ಅಂದೂ ತರಿಸಿದ್ದ ಚಹಾವನ್ನು ಪಕ್ಕಕ್ಕೆ ಸರಿಸಿ, ಖುಷಿಯಿಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಅಮರೇಶ ಒಂದೊಂದನ್ನೇ ತೆರೆದು ಓದುತ್ತಿದ್ದವನು ಹಡಗಲಿಯ ಎಣ್ಣೆ ಮಿಲ್ಲಿನ ನೋಟಿಸಿಗೆ ಬಂದು ನಿಂತ. ಆ ಮಿಲ್ಲಿನ ಮುದ್ರೆಯ ದಿನವನ್ನು ಸರ್ಕಾರದವರು ಈ ಸಲ ಮುಂಚಿತವಾಗಿ ಇದೇ ತಿಂಗಳಿಗೆ ಇಟ್ಟಿದ್ದರು. ಹಳೆಯ ಪರಿಚಯದ ಮ್ಯಾನೇಜರು ಇವನಿಗೆ ಹೇಳಿದ್ದ. ತಮ್ಮನ ನೋಟಿಸಿನಲ್ಲಿ ಸರ್ವಿಸ್ ಮುಂದಿನ ತಿಂಗಳು ಎಂದಿತ್ತು. ಹಾಗೇ ಬಿಟ್ಟರೆ ಕಾಟಾ ಮುದ್ರೆಯಿಲ್ಲದೆ ನಿಲ್ಲುತ್ತದೆ, ಮಿಲ್ಲು ತಮ್ಮನ ಕೈ ಬಿಡುತ್ತದೆ. ಅಮರೇಶ ಇಷ್ಟನ್ನು ಮಾವನಿಗೆ ಹೇಳಿದ. ಕೈ ಜೇಬಿನ ಮೊಬೈಲಿನತ್ತ ಹೋಗಿ, ವಾಪಸು ಬಂತು.

ತಮ್ಮನಿಗೆ ಹೇಳು ಎಂಬ ಮಾತು ಪಾಲಾಕ್ಷಪ್ಪನ ನಾಲಿಗೆ ತುದಿಗೆ ಬಂತು. ಆದರೆ ತಡೆದುಕೊಂಡ. ಜೀಪು ಕೊಡು ಎಂದರೆ ಕೊಟ್ಟಾರು, ಪಾಸ್‌ವರ್ಡ್ ಕೊಡು ಎಂದರೂ ಕೊಟ್ಟಾರು. ಇದನ್ನು ಹೇಳಿ ಮಾಡಿಸಲು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಮರೇಶ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು ಏನೋ ಬರೆಯತೊಡಗಿದ.

“ಯಾರಿಗೆ ಬರಿಯಾಕತ್ತೀಲೇ?”

ಅಮರೇಶ ಪರದೆಯತ್ತ ಬೆರಳು ತೋರಿಸಿದ. ಮೇಲೆ ಕಳಿಸುವವರ ವಿಳಾಸ, ಕೆಳಗೆ ತಲುಪಬೇಕಾದವರ ವಿಳಾಸ. ಇಂಗ್ಲಿಷ್ ಬಾರದ ಪಾಲಾಕ್ಷಪ್ಪ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದ. ಎರಡೂ ಒಂದೇ ಆಗಿದ್ದವು.

“ನಮಗೇ ಬರದೀನಿ ಮಾವ.”

ಒಂದು ವರ್ಷದಿಂದ ಈ ಇಬ್ಬರ ಬಾಯಲ್ಲೂ ನಂದು, ಅವಂದು ಎಂಬುದನ್ನು ಬಿಟ್ಟು ಬೇರೆ ಮಾತನ್ನು ಪಾಲಾಕ್ಷಪ್ಪ ಕೇಳಿರಲಿಲ್ಲ. ಸಂತೋಷವನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ತಣ್ಣಗಾದ ಚಹಾವನ್ನೇ ಎತ್ತಿ ಕುಡಿದ.

ಸ್ವಲ್ಪ ಹೊತ್ತಿಗೆ ಅದೇ ವಿಳಾಸದಿಂದ ಅದೇ ವಿಳಾಸಕ್ಕೆ ಇನ್ನೊಂದು ಸಾಲು ಬಂತು. ಅಮರೇಶ ತೆರೆದ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

“ಗೊತ್ತಿರಲಿಲ್ಲಣ್ಣ. ಈಗ ತಿದ್ದಿ ಕಳಿಸೀನಿ,” ಎಂದು ಓದಿದ.

ಪಾಲಾಕ್ಷಪ್ಪನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಓದು ಎಂದ.