ಗಾಯವಿಲ್ಲದ ಪಾದ

ಬಲಗಾಲ ಹೆಬ್ಬೆರಳ ಉಗುರು ಕಪ್ಪಾದ ದಿನವೇ ಭ್ರಮರಾಂಬಳಿಗೆ ಗಂಡನ ಮೇಲೆ ಮೊದಲ ಅನುಮಾನ ಹುಟ್ಟಿತು.

ಅಂದು ಭಾನುವಾರ. ಪೆನುಕೊಂಡದ ಕೋಟೆ ಬೆಟ್ಟವನ್ನು ಮೂರನೆಯ ಸಲ ಹತ್ತಿ ಇಳಿದು, ಬುಡದ ಬಂಡೆಯ ಮೇಲೆ ಕುಳಿತು ಅವಳು ಹೊಸ ಬೂಟು ಬಿಚ್ಚಿದ್ದಳು. ಬೆನ್ನಿನ ಚೀಲದಲ್ಲಿ ಅಭ್ಯಾಸಕ್ಕೆಂದು ತುಂಬಿದ್ದ ಆರು ಕಿಲೋ ಹುಣಸೆಹಣ್ಣು. ಹಿಂದೂಪುರದ ಹುಣಸೆ ವ್ಯಾಪಾರಿ ರುದ್ರೇಶನ ಹೆಂಡತಿ ಅವಳು; ನಲವತ್ತೇಳು ವರ್ಷ ವಯಸ್ಸು; ಕಳೆದ ತಿಂಗಳವರೆಗೆ ತರಕಾರಿ ತರಲಿಕ್ಕೂ ಆಟೋ ಹತ್ತುತ್ತಿದ್ದವಳು. ಕಾಲ್ಚೀಲ ತೆಗೆದಾಗ ಉಗುರಿನಡಿ ರಕ್ತ ಹೆಪ್ಪುಗಟ್ಟಿತ್ತು. ಹಿಮ್ಮಡಿಯಲ್ಲಿ ಎರಡು ಬೊಕ್ಕೆ ಎದ್ದಿದ್ದವು.

ಜೊತೆಗಿದ್ದ ನರಸಕ್ಕ ನೋಡಿ ನಕ್ಕಳು. ಲೇಪಾಕ್ಷಿ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ರುದ್ರೇಶನ ಮಂಡಿಯಲ್ಲಿ ಹುಣಸೆ ಬೀಜ ಬಿಡಿಸುವ ಹೆಂಗಸು ಆಕೆ. ಚಿಕ್ಕಂದಿನಿಂದ ಸೀತಾಫಲದ ಬುಟ್ಟಿ ಹೊತ್ತು ಗುಡ್ಡ ಇಳಿದವಳು. ಭ್ರಮರಾಂಬ ನಡಿಗೆ ಕಲಿಯಲು ಹಿಡಿದ ಗುರು.

"ಬಂತಾ? ಬರ್ಲಿ ಬುಡು. ಸರಿಗ್ಗೆ ಕಾಲಳತೆ ಬೂಟು ತಗಂಡ್ರೆ ಇಂಗೇ ಆಗೋದು. ಹತ್ತೋವಾಗ ಏನೂ ಇಲ್ಲ ಕಣಮ್ಮ, ಇಳಿಯೋವಾಗ ಬೆರಳೆಲ್ಲ ಮುಂದ್ಕೆ ನುಗ್ಗಿ ಗುದ್ದುಸ್ಕಂತವೆ. ಒಂದು ಸೈಜು ದೊಡ್ದು ತಗೋ. ದಪ್ಪನ್ ಸಾಕ್ಸ್ ಹಾಕು."

"ಎಲ್ಲಾರ್ಗೂ ಆಗ್ತದಾ?"

"ಮೊದ್ಲು ನಾಕೈದು ಸತಿ ಎಲ್ಲಾರ್ಗೂ. ಗುಡ್ಡ ಇಳಿದು ಬೊಕ್ಕೆ ಬರ್ಲಿಲ್ಲ, ಉಗುರು ಕಪ್ಪಾಗ್ಲಿಲ್ಲ ಅಂದ್ರೆ ಅವ್ನು ದೇವುಡೇ ಇರ್ಬೇಕು, ಇಲ್ಲ ಕಾರಲ್ಲಿ ಬಂದಿರ್ಬೇಕು!"

ತಮಾಷೆಯ ಮಾತು. ಭ್ರಮರಾಂಬ ನಗಲಿಲ್ಲ.

ರುದ್ರೇಶ ಏಳು ವರ್ಷಗಳಿಂದ ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ. ಕಲ್ಯಾಣದುರ್ಗದ ರೇವಣಪ್ಪನವರ ತಂಡ ಅದು. ನಾಗಲೂಟಿಯ ಬಳಿ ನಲ್ಲಮಲ ಕಾಡು ಹೊಕ್ಕು, ಪೆದ್ದಚೆರುವಿನಲ್ಲಿ ತಂಗಿ, ಭೀಮುನಿ ಕೊಲನಿನ ಕಣಿವೆಗೆ ಕಡಿದಾದ ಮೆಟ್ಟಿಲು ಇಳಿದು, ಮತ್ತೆ ಶ್ರೀಶೈಲದ ಹೆಬ್ಬಾಗಿಲಾದ ಕೈಲಾಸ ದ್ವಾರದವರೆಗೆ ಹತ್ತುವ ದಾರಿ. ಹೋಗಿಬಂದವನ ಪಾದವನ್ನು ಹೆಂಡತಿ ಅರಿಸಿನದ ನೀರಿನಲ್ಲಿ ತೊಳೆದು, ಆ ನೀರನ್ನು ಮನೆಮಂದಿಯ ತಲೆಗೆ ಚಿಮುಕಿಸುವುದು ಅವರ ಮನೆಯ ಪದ್ಧತಿ. ಏಳು ಸಲವೂ ಭ್ರಮರಾಂಬ ಆ ಪಾದಗಳನ್ನು ಅಂಗೈಯಲ್ಲಿ ಹಿಡಿದು ತೊಳೆದಿದ್ದಳು.

ನುಣುಪಾದ ಹಿಮ್ಮಡಿ. ಬೆಳ್ಳಗಿನ ಉಗುರು. ಏಳು ವರ್ಷವೂ.

ಹಿಂದೂಪುರದ ಬಸ್ಸಿನಲ್ಲಿ ಅವಳು ಮತ್ತೆ ಬೂಟು ಬಿಚ್ಚಿ ತನ್ನ ಉಗುರನ್ನು ನೋಡಿಕೊಂಡಳು.

ಈ ವರ್ಷ ರೇವಣಪ್ಪನವರು ತಂಡದಲ್ಲಿ ಹೆಂಗಸರೂ ನಡೆಯಬಹುದೆಂದು ಸಾರಿದ್ದರು. ಷರತ್ತು ಒಂದೇ: ಯಾತ್ರೆ ಹೊರಡುವ ಮೂರು ವಾರ ಮೊದಲು ಕಲ್ಯಾಣದುರ್ಗದ ಬೆಟ್ಟವನ್ನು ಆರು ಕಿಲೋ ಹೊರೆಯೊಂದಿಗೆ ಎರಡು ಗಂಟೆಯೊಳಗೆ ಹತ್ತಿ ಇಳಿಯಬೇಕು. ಭ್ರಮರಾಂಬ ಅದೇ ದಿನ ಹೆಸರು ಕೊಟ್ಟಳು. ಶ್ರೀಶೈಲದ ಅಮ್ಮನವರ ಹೆಸರಿಟ್ಟುಕೊಂಡು ಅವಳು ನಾಲ್ಕು ಸಲ ಅಲ್ಲಿಗೆ ಹೋಗಿದ್ದಳು. ನಾಲ್ಕು ಸಲವೂ ಕಾರಿನ ಹಿಂದಿನ ಸೀಟಿನಲ್ಲಿ, ರೊಟ್ಟಿ ಡಬ್ಬಿಗಳ ನಡುವೆ. ಒಂದು ಸಲ, ಒಂದೇ ಸಲ, ತನ್ನ ಕಾಲಿನ ಮೇಲೆ ಹೋಗಬೇಕೆಂಬ ಆಸೆ ಅವಳದು.

ಹೆಸರು ಕೊಟ್ಟ ದಿನ ರುದ್ರೇಶ ನಕ್ಕಿದ್ದ. ಆ ನಗೆ ಸಹಜವಾಗಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

ಮರುದಿನ ಊಟ ಬಡಿಸುತ್ತ ಸಾಧಾರಣ ಧ್ವನಿಯಲ್ಲಿ ಕೇಳಿದಳು: "ರೀ, ಪೆದ್ದಚೆರುವು ದಾಟಿ ಭೀಮುನಿ ಕೊಲನು ಬತ್ತದಲ್ಲ, ಅಲ್ಲಿಗೆ ಹತ್ತೋದಾ, ಇಳಿಯೋದಾ?"

ರುದ್ರೇಶನ ಕೈಯ ತುತ್ತು ಒಂದು ಕ್ಷಣ ನಿಂತಿತು. "ಹತ್ತೋದೇ. ಎಲ್ಲಾ ಹತ್ತೋದೇ. ನಿಂಗ್ಯಾಕೆ ಈಗ ಅದು? ಮಜ್ಜಿಗೆ ತಾ."

ಅವಳು ಮಜ್ಜಿಗೆ ತಂದಿಟ್ಟಳು. ಭೀಮುನಿ ಕೊಲನಿಗೆ ಮೆಟ್ಟಿಲು ಇಳಿಯಬೇಕೆಂದು ಹೆಸರು ಬರೆದುಕೊಳ್ಳುವಾಗಲೇ ರೇವಣಪ್ಪನವರು ಅವಳಿಗೆ ಹೇಳಿದ್ದರು.

ಶುಕ್ರವಾರ ಬೆಳಗ್ಗೆ ರೇವಣಪ್ಪನವರ ಫೋನ್ ಬಂತು. "ತಾಯಿ, ತಪ್ಪು ತಿಳೀಬೇಡಿ. ನಿಮ್ಮ ಹೆಸರು ತೆಗೆದಿದ್ದೀನಿ. ಎದೆ ವೀಕು ಅಂತ ಡಾಕ್ಟ್ರು ಹೇಳವ್ರಂತೆ. ರುದ್ರೇಶೇ ಫೋನ್ ಮಾಡಿದ್ದ. ಕಾಡೊಳಗೆ ಏನಾರ ಆದ್ರೆ ಯಾರು ಜವಾಬ್ದಾರಿ?"

ಅವಳು ಯಾವ ಡಾಕ್ಟರ ಬಳಿಗೂ ಹೋಗಿರಲಿಲ್ಲ. ಅವಳ ಎದೆಗೆ ಯಾವ ರೋಗವೂ ಇರಲಿಲ್ಲ. ಫೋನ್ ಇಟ್ಟಾಗ ಅಲ್ಲಿ ಇದ್ದದ್ದು ಬೆಂಕಿ ಮಾತ್ರ.

ಗಂಡನನ್ನು ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಅವನು ಭಾನುವಾರ ಬೆಟ್ಟದ ಪರೀಕ್ಷೆಗೆ ಕಲ್ಯಾಣದುರ್ಗದ ಕಡೆಗೆ ಸುಳಿಯುತ್ತಿರಲಿಲ್ಲ. ಶನಿವಾರ ಒಂದು ಸೈಜು ದೊಡ್ಡ ಬೂಟು ಕೊಂಡು, ಮನೆಯೊಳಗೇ ಹಾಕಿಕೊಂಡು ಓಡಾಡಿ ಕಾಲಿಗೆ ಒಗ್ಗಿಸಿದಳು. ಭಾನುವಾರ ರುದ್ರೇಶ ಹಿರಿಯ ಯಾತ್ರಿಕನ ಗತ್ತಿನಲ್ಲಿ ಕಾರಿನಲ್ಲಿ ಹೊರಟ. ಒಂದು ಗಂಟೆ ಬಿಟ್ಟು ಇವಳು ನರಸಕ್ಕನೊಂದಿಗೆ ಬಸ್ಸು ಹಿಡಿದಳು.

ಮಧ್ಯಾಹ್ನ ಮೂರೂವರೆ. ಬೆಟ್ಟದ ಬುಡದಲ್ಲಿ ಇಪ್ಪತ್ತೈದು ಜನ. ರೇವಣಪ್ಪನವರು ಬೇವಿನ ನೆರಳಿನಲ್ಲಿ ಪಟ್ಟಿ ಮತ್ತು ಗಡಿಯಾರ ಹಿಡಿದು ಕುಳಿತಿದ್ದರು, ಪಕ್ಕದಲ್ಲಿ ರುದ್ರೇಶ. ಹೆಂಡತಿಯನ್ನು ಕಂಡೊಡನೆ ಅವನು ಎದ್ದು ನಿಂತ.

"ಲೇ ಭ್ರಮರಾ! ನೀನ್ಯಾಕೆ ಬಂದೆ? ಎದೆ ನೋವು ಇಟ್ಕಂಡು..."

"ಹೌದಲ್ವಾ, ಎದೆ ನೋವು." ಅವಳು ರೇವಣಪ್ಪನವರತ್ತ ತಿರುಗಿದಳು. "ನಂಗೆ ಏನಾರ ಆದ್ರೆ ಯಾರು ಜವಾಬ್ದಾರಿ ಅಂದ್ರಲ್ಲ ಯಜಮಾನ್ರೇ. ನನ್ನ ಗಂಡನೇ ಜೊತೇಲಿ ಹತ್ಲಿ. ಏಳು ಸತಿ ನಲ್ಲಮಲ ದಾಟಿದೋರು. ಅವರಿಗಿಂತ ಕಾವಲು ಬೇಕಾ ನಂಗೆ?"

ರೇವಣಪ್ಪನವರು ತಟ್ಟನೆ ರುದ್ರೇಶನ ಮುಖ ನೋಡಿದರು. ಅರ್ಧ ಕ್ಷಣದ ನೋಟ. ಭ್ರಮರಾಂಬ ಅದನ್ನು ಕಂಡಳು, ಅರ್ಥವಾಗಲಿಲ್ಲ.

"ನಂಗೆ ಮೊಣಕಾಲು..." ಎಂದ ರುದ್ರೇಶ.

"ಯಜಮಾನ್ರು ಸುಮ್ಕೆ ಅಂತಾರೆ ಕಣ್ರಪ್ಪೋ," ನರಸಕ್ಕ ಜನರೆಡೆಗೆ ಕೂಗಿದಳು, "ಈ ಗುಡ್ಡ ಅವ್ರಿಗೆ ಯಾವ ಲೆಕ್ಕ! ಓಡ್ಕಂಡೇ ಹತ್ತುಬುಡ್ತಾರೆ!"

ಜನ ಚಪ್ಪಾಳೆ ತಟ್ಟಿದರು. ಯಾರೋ ಒಂದು ಚೀಲವನ್ನು ಅವನ ಬೆನ್ನಿಗೇರಿಸಿದರು. ಇನ್ನು ಹಿಂಜರಿಯಲು ಜಾಗವಿರಲಿಲ್ಲ.

ಮೊದಲ ಇಪ್ಪತ್ತು ನಿಮಿಷ ಅವನು ಮುಂದೆ ನಡೆದ, ಅವಳು ಹಿಂದೆ. ಬಂಡೆಗಳು ಹಗಲಿಡೀ ಕಾದು ಶಾಖ ಉಗುಳುತ್ತಿದ್ದವು. ಅವಳು ನರಸಕ್ಕ ಕಲಿಸಿದಂತೆ ಸಣ್ಣ ಹೆಜ್ಜೆಯಿಟ್ಟು, ಮೂಗಿನಿಂದ ಉಸಿರೆಳೆದು, ಗುಟುಕು ಗುಟುಕಾಗಿ ನೀರು ಕುಡಿಯುತ್ತ ಹತ್ತಿದಳು. ಅವನು ದೊಡ್ಡ ಹೆಜ್ಜೆ ಹಾಕಿದ, ನಿಂತ, ಮತ್ತೆ ದೊಡ್ಡ ಹೆಜ್ಜೆ ಹಾಕಿದ. ಮೂವತ್ತನೆಯ ನಿಮಿಷಕ್ಕೆ ಅವಳು ಮುಂದಾದಳು. ಬೆಟ್ಟದ ಅರ್ಧಕ್ಕೆ ಬಂದಾಗ ಹಿಂದಿನಿಂದ ಚೀಲ ಬಿದ್ದ ಸದ್ದು ಕೇಳಿಸಿತು.

ರುದ್ರೇಶ ಬಂಡೆಯ ನೆರಳಿಗೆ ಒರಗಿ ಕುಳಿತಿದ್ದ. ಮುಖ ಕೆಂಪಾಗಿತ್ತು, ಮೊಣಕಾಲು ಅದುರುತ್ತಿತ್ತು.

"ಆಗಾಕಿಲ್ಲ ಕಣೇ."

"ನಲ್ಲಮಲ ಹೆಂಗೆ ದಾಟಿದ್ರಿ?"

ಅವಳು ನೀರಿನ ಬಾಟಲಿಯನ್ನು ಅವನ ಕೈಗಿಟ್ಟು ಕಾದಳು. ಗಡಿಯಾರ ಓಡುತ್ತಿತ್ತು. ಆದರೂ ಕಾದಳು.

"ಮೊದ್ಲನೇ ವರ್ಷ ನಾಗಲೂಟಿ ದಾಟಿ ಎಲ್ಡು ಮೈಲಿಗೇ ಕಾಲು ಬಿದ್ದೋಯ್ತು," ಎಂದ ಕಡೆಗೆ. "ವಾಪಸ್ ಬಂದು ಜೀಪಲ್ಲಿ ರೋಡ್ ಮೇಲೆ ಹೋದೆ. ಕೈಲಾಸ ದ್ವಾರದಾಗೆ ಕಾಯ್ತಾ ಕುಂತೆ. ಇವ್ರೆಲ್ಲ ಬಂದಾಗ ಸೇರ್ಕಂಡೆ. ಹಾರ ಹಾಕ್ಬುಟ್ರು. ಆಮೇಲೆ ಹೆಂಗೆ ಹೇಳ್ಲಿ? ಮುಂದಿನ ವರ್ಷಾನೂ ಅಂಗೇ ಆಯ್ತು."

"ಏಳು ವರ್ಷ?"

"ಗುಂಪು ಗುಂಪಾಗಿ ನಡೀತಾರೆ. ಆ ಗುಂಪಲ್ಲಿ ಅವ್ನೆ ಅಂತ ಈ ಗುಂಪು ಅಂದ್ಕಂತದೆ. ರೇವಣಪ್ಪನೋರ್ಗೆ ಮಾತ್ರ ಗೊತ್ತು. ಬಿಡಾರದಾಗೆ ತಲೆ ಎಣಿಸೋದು ಅವ್ರೇ." ಅವನು ಅವಳ ಕೈ ಹಿಡಿದ. "ಯಾರ್ಗೂ ಹೇಳ್ಬೇಡ. ಈಗ್ಲೇ ಕೆಳಗಿಳಿಯಾನ. ನೀನು ಗಟ್ಟಿಯಾಗಿದ್ದೀಯ ಅಂತ ನಾನೇ ಹೇಳ್ತೀನಿ, ನಿನ್ನ ಹೆಸರು ಬರೆಸ್ತೀನಿ. ಪರೀಕ್ಷೆನೂ ಬೇಡ."

ಅವಳು ಕೈ ಬಿಡಿಸಿಕೊಂಡಳು.

"ನಿಮ್ಮ ಮೊಣಕಾಲಿಗೆ ನಂಗೆ ಕೋಪ ಇಲ್ಲ. ಬಂದು ಆಗ್ಲಿಲ್ಲ ಕಣೇ ಅಂದಿದ್ರೆ ಎಣ್ಣೆ ತಿಕ್ಕಿರ್ತಿದ್ದೆ. ಆ ಕಾಲು ತೊಳೆದ ನೀರು ಮಕ್ಕಳ ತಲೆಗೆ ಹಾಕಿಸಿದ್ರಲ್ಲ! ಅದು ಸಾಲ್ದು ಅಂತ ನನ್ನ ಎದೆ ಕೆಡಿಸಿದ್ರಲ್ಲ! ನೀವು ನಡೀಲಿಲ್ಲ ಅಂತ ಗೊತ್ತಾಗ್ಬಾರ್ದು, ಅದಕ್ಕೆ ನಾನೂ ನಡೀಬಾರ್ದು. ನೀವು ಬರೆಸೋ ಹೆಸರು ನಂಗೆ ಬೇಡ. ನೆರಳಲ್ಲೇ ಕುಂತಿರಿ. ಬಾಟ್ಲಿ ನಿಮಗೇ ಇರ್ಲಿ. ನಾನು ಹೋಯ್ತೀನಿ."

ಇಲ್ಲಿಗೆ ಐವತ್ತೆಂಟು ನಿಮಿಷ ಕಳೆದಿತ್ತು. ಉಳಿದ ಅರ್ಧ ಬೆಟ್ಟ ಹತ್ತಬೇಕು, ಇಡೀ ಬೆಟ್ಟ ಇಳಿಯಬೇಕು. ನೀರಿಲ್ಲ.

ಕೋಪ ಅವಳನ್ನು ಎಳೆದೊಯ್ದಿತು. ಆದರೆ ಹೆಜ್ಜೆ ದೊಡ್ಡದಾಗಲು ಅವಳು ಬಿಡಲಿಲ್ಲ. ತುದಿಯಲ್ಲಿ ಕಾವಲಿದ್ದ ತಂಡದ ನಟರಾಜ್, ಮೇಲೆ ತಲುಪಿದ ಗುರುತಿಗೆ ಅವಳ ಹಣೆಗೆ ವಿಭೂತಿ ಬಳಿದು, ಎರಡು ಗುಟುಕು ನೀರು ಕೊಟ್ಟ. "ಮೂವತ್ತೇಳು ನಿಮಿಷ ಅವೆ ಅಕ್ಕ. ಅಣ್ಣ ಎಲ್ಲಿ?"

"ಅರ್ಧದಲ್ಲಿ."

ಇಳಿಜಾರು ಅವಳಿಗಾಗಿ ಕಾದಿತ್ತು. ಮೊಣಕಾಲು ಬಾಗಿಸಿ, ಪಾದ ಅಡ್ಡವಿಟ್ಟು, ಓರೆಯಾಗಿ ಇಳಿದಳು. ಒಮ್ಮೆ ಜಲ್ಲಿಕಲ್ಲು ಜಾರಿತು. ಅಂಗೈ ತರಚಿ ರಕ್ತ ಒಸರಿತು. ಎದ್ದಳು. ನೆರಳಿನ ಬಂಡೆಯ ಬಳಿ ರುದ್ರೇಶ "ನಿಲ್ಲೇ, ಒಂದು ಮಾತು!" ಎಂದು ಎದ್ದು ಹಿಂದೆಯೇ ಹೊರಟ. ಅವಳು ನಿಲ್ಲಲಿಲ್ಲ.

ಬೇವಿನ ಮರ ಮುಟ್ಟಿದಾಗ ಎರಡು ಗಂಟೆಗೆ ಇನ್ನೂ ನಾಲ್ಕು ನಿಮಿಷವಿತ್ತು. ಜನ ಕೂಗಿದರು. ನರಸಕ್ಕ ಚೀಲ ಇಳಿಸಿಕೊಂಡಳು. ರೇವಣಪ್ಪನವರ ಕಣ್ಣು ಅವಳ ಹಿಂದಿನ ದಾರಿಯ ಮೇಲಿತ್ತು.

"ರುದ್ರೇಶ್ ಎಲ್ಲಿ ತಾಯಿ?"

"ಅದನ್ನ ನೀವು ಕೇಳ್ತೀರಾ?" ಅವಳ ಧ್ವನಿ ಏರಿತು. "ಪೆದ್ದಚೆರುವಲ್ಲಿ ತಲೆ ಎಣಿಸೋರು ನೀವು. ಏಳು ವರ್ಷ ಒಂದು ತಲೆ ಕಮ್ಮಿ ಬಂದಾಗ ಯಾರನ್ನ ಕೇಳಿದ್ರಿ?"

ಕೂಗು ನಿಂತಿತು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು.

"ಇಲ್ಲಿ ಬೇಡ ತಾಯಿ. ಮನೇಲಿ ಕುಂತು..."

"ಇಲ್ಲೇ ಬೇಕು. ನನ್ನ ಎದೆ ವೀಕು ಅಂತ ಅವ್ರು ಫೋನ್ ಮಾಡ್ದಾಗ, ಯಾಕೆ ಮಾಡವ್ರೆ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ಹೊಡೆದು ಹಾಕಿದ್ರಿ. ಅವ್ರ ಮರ್ಯಾದೆ ಉಳೀಲಿ, ನಾನು ಮಾತ್ರ ರೊಟ್ಟಿ ಡಬ್ಬಿ ಹಿಡ್ಕಂಡು ಕಾರಲ್ಲಿ ಬರ್ಲಿ ಅಂತ ತಾನೇ?"

ರೇವಣಪ್ಪನವರು ತಲೆ ತಗ್ಗಿಸಿದರು. ಪೆನ್ನಿನ ಮುಚ್ಚಳ ತೆಗೆದರು. ಪಟ್ಟಿಯ ಕೊನೆಯಲ್ಲಿ, ಹೊಡೆದುಹಾಕಿದ್ದ ಸಾಲಿನ ಕೆಳಗೆ, ನಿಧಾನವಾಗಿ ಬರೆದರು.

"ಬರೆದೆ ತಾಯಿ."

"ಓದಿ."

"ಭ್ರಮರಾಂಬ, ಹಿಂದೂಪುರ. ಕಾಲ್ನಡಿಗೆ."

ಮೇಲೆ ಇಳಿಜಾರಿನಲ್ಲಿ ರುದ್ರೇಶ ಒಂದೊಂದೇ ಬಂಡೆಯ ಮೇಲೆ ಕೂತು ಜಾರಿಕೊಂಡು ಬರುತ್ತಿದ್ದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

"ಇನ್ನೂ ಗಟ್ಟಿಯಾಗಿ," ಎಂದಳು.