ಊರೆಲ್ಲಾ ಅಂದ್ರೆ ಯಾರ್ಯಾರು?

ಜನ್ನಾಪುರದ ಈಶ್ವರಮ್ಮನವರಿಗೆ ಗೊತ್ತಿಲ್ಲದ ಸುದ್ದಿ ಇಲ್ಲ. ಅದು ನಿಜವೇ ಎಂದು ಕೇಳುವ ಅಭ್ಯಾಸ ಮಾತ್ರ ಅವರಿಗಿಲ್ಲ. ಆ ದಿನ ಅವರು ಮೊಮ್ಮಗಳು ಹೇಮಶ್ರೀಯ ಮಗು ಪ್ರಣವನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದರು. ಹೊರಗೆ ಆಶಾ ಕಾರ್ಯಕರ್ತೆ ಪ್ರಿಯದರ್ಶಿನಿ.

"ಮಗೂಗೆ ಒಂಬತ್ತು ತಿಂಗಳು ತುಂಬ್ತಲ್ಲ ಅಜ್ಜಿ. ದಡಾರದ ಲಸಿಕೆ ಹಾಕಿಸ್ಬೇಕು. ಅಂಗನವಾಡಿಗೆ ಬನ್ನಿ."

"ಬೇಡ ಮಾರಾಯ್ತಿ! ಆ ಇಂಜೆಕ್ಷನ್ ಹಾಕಿಸ್ಕೊಂಡ ಮಗುನ ಆಂಬುಲೆನ್ಸ್‌ನಲ್ಲಿ ಶಿವಮೊಗ್ಗಕ್ಕೆ ಸಾಗಿಸಿದ್ರಂತೆ. ಊರೆಲ್ಲಾ ಹೇಳ್ತಾ ಇದೆ."

ಹೇಮಶ್ರೀಯೂ ಬಂದು ಅಜ್ಜಿಯ ಪಕ್ಕದಲ್ಲೇ ಬಾಗಿಲಿಗೆ ಅಡ್ಡ ನಿಂತಳು.

ಬಸ್ಸಿಗೆ ಹೊರಟಿದ್ದ ಅವಳ ತಂಗಿ ಇಂಪನಾ ಅಲ್ಲೇ ನಿಂತಳು. ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುವ ಹುಡುಗಿ. ಚಿಕ್ಕಂದಿನಲ್ಲೇ, ನಮ್ಮ ಬೀದಿಗೆ ಮಾತ್ರ ನಲ್ಲಿ ನೀರು ತಡವಾಗಿ ಬರುವುದೇಕೆ ಎಂದು ಮನೆಮನೆಗೆ ಹೋಗಿ ಕೇಳಿ ಬೈಸಿಕೊಂಡವಳು. ಹಾಗೆ ಅಂಕಿ-ಅಂಶ ಕೂಡಿಸಿ ಸುದ್ದಿ ಬರೆಯುವುದಕ್ಕೆ ಡೇಟಾ ಜರ್ನಲಿಸಂ ಎಂಬ ದೊಡ್ಡ ಹೆಸರಿದೆ ಎಂದು ಕಾಲೇಜಿನಲ್ಲಿ ತಿಳಿದಾಗಿನಿಂದ ಅವಳನ್ನು ಹಿಡಿಯುವವರಿಲ್ಲ.

"ಅಜ್ಜಿ, ಊರೆಲ್ಲಾ ಅಂದ್ರೆ ಯಾರ್ಯಾರು?"

"ಸಾವಿತ್ರಮ್ಮ ಹೇಳಿದ್ಲು. ಸುಮನಾ ಹೌದು ಅಂದ್ಲು. ಹೂವಿನ ಚೌಡಯ್ಯ ತಲೆ ಅಲ್ಲಾಡಿಸ್ದ. ಸಾಲ್ದಾ?"

"ನಡಿ, ಕೇಳೋಣ."

"ಬಸ್ ತಪ್ಪತ್ತಲ್ಲೇ!"

"ತಪ್ಪಲಿ."

ಮಗುವನ್ನೂ ಎತ್ತಿಕೊಂಡು ಎಲ್ಲರೂ ಹೊರಟರು. ಸಾವಿತ್ರಮ್ಮನಿಗೆ ಹೇಳಿದ್ದು ಸುಮನಾ. ಸುಮನಾಗೆ ಹೇಳಿದ್ದು ಚೌಡಯ್ಯ. ಹೂ ಕಟ್ಟುತ್ತಿದ್ದ ಚೌಡಯ್ಯ ಕಣ್ಣರಳಿಸಿದ.

"ಇದೇನಮ್ಮಾ, ನಂಗೆ ಹೇಳಿದ್ದು ನಿಮ್ಮಜ್ಜಿನೇ ಅಲ್ವಾ!"

"ನಾನೆಲ್ಲಿ ಆಂಬುಲೆನ್ಸ್ ಅಂದೆ? ನಮ್ಮ ಬೀದಿ ರಕ್ಷಾನ ಮಗೂಗೆ ಲಸಿಕೆ ಹಾಕಿಸಿದ್ಮೇಲೆ ಮೈ ಬೆಚ್ಚಗಾಗಿತ್ತು ಅಂದೆ, ಅಷ್ಟೇ!"

"ನಾನೂ ಜೋರು ಜ್ವರ ಅಂತಷ್ಟೇ ಅಂದಿದ್ದು. ಆಂಬುಲೆನ್ಸ್ ನನ್ನ ಅಂಗಡಿಯಿಂದ ಹೊರಟಿದ್ದಲ್ಲ."

ಹಿಂದೆಯೇ ಬಂದಿದ್ದ ಸುಮನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದಂಡೆಲ್ಲ ರಕ್ಷಾಳ ಮನೆಗೆ ಹೋಯಿತು. ಆಂಬುಲೆನ್ಸ್ ಹತ್ತಿತ್ತೆನ್ನಲಾದ ಮಗು ಬಾಗಿಲಲ್ಲಿ ಕುಳಿತು ಅಪ್ಪನ ಚಪ್ಪಲಿ ಕಚ್ಚುತ್ತಿತ್ತು.

"ಒಂದಿನ ಮೈ ಬಿಸಿ ಇತ್ತು. ಮಾರನೇ ದಿನ ಸರಿಹೋಯ್ತು" ಎಂದಳು ರಕ್ಷಾ, ಚಪ್ಪಲಿ ಕಿತ್ತುಕೊಳ್ಳುತ್ತಾ.

"ಸ್ವಲ್ಪ ಜ್ವರ ಬರ್ಬೋದು. ಜಾಸ್ತಿ ಅನ್ಸಿದ್ರೆ ನಂಗೆ ಹೇಳಿ, ಆಸ್ಪತ್ರೆಗೆ ತೋರಿಸೋಣ" ಎಂದರು ಪ್ರಿಯದರ್ಶಿನಿ. "ಆದ್ರೆ ದಡಾರನೇ ಬಂದ್ರೆ ಮಗು ಜೀವಕ್ಕೇ ಅಪಾಯ ಆಗ್ಬೋದು."

"ನಮ್ಮ ಬೀದಿಲಿ ಇನ್ನೆಷ್ಟು ಮಕ್ಕಳಿಗೆ ಹಾಕಿದ್ದೀರಿ ಅಕ್ಕಾ?" ಇಂಪನಾ ಕೇಳಿದಳು.

"ಇನ್ನೂ ಹನ್ನೊಂದು. ಎಲ್ಲಾ ಆಡ್ಕೊಂಡಿವೆ."

"ಅಜ್ಜಿ, ಆ ಹನ್ನೊಂದು ಮಕ್ಕಳ ಸುದ್ದಿ ಯಾರಾದ್ರೂ ನಿಂಗೆ ಹೇಳಿದ್ರಾ?"

"ಚೆನ್ನಾಗಿರೋ ಮಗು ಸುದ್ದಿ ಯಾರೇ ಹೇಳ್ತಾರೆ?"

"ಅದಕ್ಕೇ ನಾವೇ ಹೋಗಿ ಕೇಳ್ಬೇಕು."

ಈಶ್ವರಮ್ಮ ಪ್ರಣವನನ್ನು ಎದೆಗವಚಿಕೊಂಡರು. ಪಾಪ, ಹಟವಲ್ಲ, ಮಗುವಿಗೆ ಏನಾದರೂ ಆದರೆ ಎಂಬ ಹೆದರಿಕೆ. ರಕ್ಷಾಳ ಮಗುವನ್ನು ಮತ್ತೊಮ್ಮೆ ನೋಡಿ, "ನಡೀರಿ ಅಂಗನವಾಡಿಗೆ" ಎಂದರು. ಸೂಜಿ ಚುಚ್ಚಿದಾಗ ಪ್ರಣವ ಅತ್ತ. ಅವನಿಗಿಂತ ಜೋರಾಗಿ ಅಜ್ಜಿ ಅತ್ತರು. ಕಣ್ಣೊರೆಸಿಕೊಂಡವರೇ ಬಸ್ ಸ್ಟಾಪಿನವರೆಗೂ ಸುದ್ದಿ ಹಂಚಿ ಬಂದರು.

ಮಧ್ಯಾಹ್ನದ ಬಸ್ ಹತ್ತಿದ ಇಂಪನಾಗೆ ಕಂಡಕ್ಟರೇ ಹೇಳಿದ: "ನಿಮ್ಮನೆ ಮಗೂಗೆ ಲಸಿಕೆ ಆಯ್ತಂತೆ. ಚೆನ್ನಾಗಿದಾನಂತೆ!"

ಅಕ್ಕಂದಿರೇ, ಅಣ್ಣಂದಿರೇ, ಇಂಥ ಸುದ್ದಿ ನಿಮ್ಮ ಮನೆಗೂ ಮೊಬೈಲಿಗೂ ಬರುತ್ತದೆ. ಹೇಳಿದವರು ಯಾರು, ಎಷ್ಟು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಹಾಗಾಯಿತು ಎಂದು ಕೇಳಿ. ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಮಗುವಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿ. ಸುದ್ದಿಯ ಮೂಲ ಹುಡುಕುತ್ತಾ ಹೋಗಿ ಕೊನೆಗೆ ನಿಮ್ಮ ಮನೆ ಬಾಗಿಲಿಗೇ ಬಂದು ನಿಂತರೆ ನಾಚಿಕೊಳ್ಳಬೇಡಿ. ಸರಿಯಾದ ಸುದ್ದಿ ಹೊತ್ತುಕೊಂಡು ಅದೇ ಬಾಗಿಲಿನಿಂದ ಮತ್ತೆ ಹೊರಡಿ.